ವರ್ಷಕ್ಕೊಮ್ಮೆ ಬರುವ ಅಡಿಕೆಯ ದುಡ್ಡಿನಲ್ಲಿ ಹನ್ನೆರಡು ತಿಂಗಳ ಮನೆಖರ್ಚನ್ನು ಹೊಂದಿಸುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅತ್ತೆ, ಮಾವ, ನಾವಿಬ್ಬರು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಸೇರಿ ಆರು ಜನರ ಸಂಸಾರ. ಒಂದೂವರೆ ಎಕರೆಯಷ್ಟು ಅಡಿಕೆ ತೋಟವಿದೆ. ಅದರ ನಡುವೆ ಕೊಕ್ಕೋ ಮತ್ತು ಕಾಳುಮೆಣಸು, ಬದಿಯಲ್ಲಿ ಒಂದಿಷ್ಟು ತೆಂಗು ಇವೆ. ವರ್ಷಕ್ಕೆ ಹೆಚ್ಚುಕಡಿಮೆ ಹತ್ತು ಕ್ವಿಂಟಾಲ್ ಚಾಲಿ ಅಡಿಕೆ (ಬಿಸಿಲಿಗೆ ಒಣಗಿಸಿ ಸುಲಿದದ್ದು) ಆಗುತ್ತದೆ. ಯಜಮಾನರಿಗೆ ತೋಟವೇ ಉದ್ಯೋಗ. ತಿಂಗಳ ಸಂಬಳ ತರುವವರು ಮನೆಯಲ್ಲಿ ಯಾರೂ ಇಲ್ಲ.

ಈ ವರ್ಷದಿಂದ ಮನೆಯ ಲೆಕ್ಕ ಬರೆಯುವ ಕೆಲಸವನ್ನು ಮಾವ ನನಗೆ ಒಪ್ಪಿಸಿದ್ದಾರೆ. ಹಳೆಯ ಪುಸ್ತಕಗಳನ್ನು ತೆಗೆದು ನೋಡಿದಾಗ ಕಂಡದ್ದಿಷ್ಟು: ಜನವರಿಯಿಂದ ಏಪ್ರಿಲ್‌ವರೆಗೆ ಕೈಯಲ್ಲಿ ದುಡ್ಡು ಓಡಾಡುತ್ತದೆ, ಆಗ ಮನೆಯ ದುರಸ್ತಿಯೂ ಆಗುತ್ತದೆ, ಬಟ್ಟೆಬರೆಯೂ ಬರುತ್ತದೆ, ನೆಂಟರ ಮದುವೆ, ಉಪನಯನಗಳಿಗೆ ಧಾರಾಳವಾಗಿ ಉಡುಗೊರೆಯೂ ಹೋಗುತ್ತದೆ. ಜೂನ್ ಹೊತ್ತಿಗೆ ಶಾಲೆಯ ಖರ್ಚು, ತೋಟಕ್ಕೆ ಮದ್ದು ಬಿಡುವ (ಔಷಧ ಸಿಂಪಡಿಸುವ) ಖರ್ಚು, ಗೊಬ್ಬರದ ಖರ್ಚು ಒಟ್ಟಿಗೇ ಬಂದು, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಹೊತ್ತಿಗೆ) ಬಳೆಯೋ ಸರವೋ ಅಡವಿಗೆ ಹೋಗುತ್ತದೆ. ಡಿಸೆಂಬರ್ ಕಳೆದ ಮೇಲೆ ಹೊಸ ಅಡಿಕೆ ಮಾರಿ ಅದನ್ನು ಬಿಡಿಸಿಕೊಳ್ಳುತ್ತಾರೆ. ದುಂದುವೆಚ್ಚವೆಂದು ಬೆರಳು ಮಾಡಿ ತೋರಿಸಬಹುದಾದ ಖರ್ಚು ಯಾವ ಪುಟದಲ್ಲಿಯೂ ನನಗೆ ಕಾಣಲಿಲ್ಲ.

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಸಲಹೆಗಳೆಲ್ಲ ಸಂಬಳದಾರರಿಗೆ ಹೇಳಿದವು. ಸಂಬಳದಲ್ಲಿ ಅರ್ಧವನ್ನು ಅಗತ್ಯಗಳಿಗೆ ಇಡಿ, ಐದನೆಯ ಒಂದು ಭಾಗವನ್ನು ಉಳಿಸಿ ಎಂದು ಹೇಳುತ್ತಾರೆ. ಆದರೆ ಸಂಬಳವೇ ಇಲ್ಲದ, ಬೆಳೆಯ ಪ್ರಮಾಣವೂ ದರವೂ ಮೊದಲೇ ತಿಳಿಯದ ಮನೆಯವರು ಏನು ಮಾಡಬೇಕೆಂದು ಯಾರೂ ಹೇಳಿದ್ದು ನೋಡಲಿಲ್ಲ. ತೋಟದ ಖರ್ಚು ಮತ್ತು ಮನೆಯ ಖರ್ಚನ್ನು ಬೇರೆ ಮಾಡುವುದು ಹೇಗೆ, ಅಡಿಕೆಯನ್ನು ಒಟ್ಟಿಗೆ ಕೊಡುವುದೋ ಸ್ವಲ್ಪ ಸ್ವಲ್ಪವಾಗಿ ಕೊಡುವುದೋ, ಚಿಟ್ಟಿಗೆ ಸೇರುವುದು ನಮ್ಮಂಥವರಿಗೆ ಹೊಂದುತ್ತದೆಯೋ ಇಲ್ಲವೋ ಎಂಬ ಬಗ್ಗೆ ಇಂಥದೇ ಮನೆಗಳಲ್ಲಿ ಲೆಕ್ಕ ನೋಡುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಂಬಳೆಯ ನಿವೃತ್ತ ಸಹಕಾರಿ ನೌಕರ

ಸಹೋದರಿ, ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ದುಂದು ಇಲ್ಲದಿದ್ದರೂ ಚಿನ್ನ ಅಡವಿಗೆ ಹೋಗುತ್ತದೆ ಎಂದಾದರೆ, ನಿಮ್ಮ ಮನೆಯ ಕೊರತೆ ದುಡ್ಡಿನದ್ದಲ್ಲ, ದುಡ್ಡು ಬರುವ ಹೊತ್ತಿಗೂ ಹೋಗುವ ಹೊತ್ತಿಗೂ ಇರುವ ಅಂತರದ್ದು. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದ ಕಾಲದಲ್ಲಿ ನಾನು ಕಂಡ ಅಡಿಕೆ ಕೃಷಿಕರ ಪೈಕಿ ಹೆಚ್ಚಿನವರ ಸ್ಥಿತಿ ಇದೇ ಆಗಿತ್ತು. ಆದ್ದರಿಂದ ತಿಂಗಳ ಬಜೆಟ್ ಮಾಡಲು ಹೊರಡುವ ಮೊದಲು ವರ್ಷದ ಬಜೆಟ್ ಮಾಡಬೇಕು. ವರ್ಷ ಎಂದರೆ ಜನವರಿಯಿಂದ ಡಿಸೆಂಬರ್ ಅಲ್ಲ, ಸರಕಾರದ ಏಪ್ರಿಲ್‌ನಿಂದ ಮಾರ್ಚ್‌ ಕೂಡ ಅಲ್ಲ; ನಿಮ್ಮ ಮೊದಲ ಕೊಯ್ಲಿನ ಅಡಿಕೆ ಒಣಗಿ, ಸುಲಿದು, ಪೇಟೆಗೆ ಹೋಗುವ ದಿನದಿಂದ ಮುಂದಿನ ವರ್ಷದ ಅದೇ ದಿನದವರೆಗೆ.

ಲೆಕ್ಕ ಸುಲಭವಾಗಲೆಂದು ಕಿಲೋಗೆ 400 ರೂಪಾಯಿ ಎಂದು ಹಿಡಿಯೋಣ. ಹತ್ತು ಕ್ವಿಂಟಾಲಿಗೆ 4 ಲಕ್ಷ ರೂಪಾಯಿ ಆಯಿತು. ಇದನ್ನು ನೋಡಿದ ಕೂಡಲೇ ತಿಂಗಳಿಗೆ 33 ಸಾವಿರ ರೂಪಾಯಿಯ ಆದಾಯವಿದೆ ಎಂದು ಅನ್ನಿಸುತ್ತದೆ, ಅಲ್ಲಿಯೇ ದಾರಿ ತಪ್ಪುತ್ತದೆ. ಈ ಮೊತ್ತದಿಂದ ಮೊದಲು ತೋಟದ ಪಾಲನ್ನು ಎತ್ತಿಡಬೇಕು. ಗೊಬ್ಬರ, ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಸಂಬಳ, ಕೊಯ್ಲಿನ ಸಂಬಳ, ಸುಲಿಯುವ ಕೂಲಿ, ನೀರಾವರಿಯ ಪೈಪು ಹಾಗೂ ಪಂಪಿನ ರಿಪೇರಿ ಇವೆಲ್ಲ ಸೇರಿ 1 ಲಕ್ಷ 60 ಸಾವಿರ ಎಂದಿಟ್ಟುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ನಿಜವಾದ ಅಂಕಿ ಇರುತ್ತದೆ. ಉಳಿದದ್ದು 2 ಲಕ್ಷ 40 ಸಾವಿರ. ಅದರಿಂದ ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚುಗಳನ್ನು, ಅಂದರೆ ಶಾಲೆಯ ಫೀಸು ಮತ್ತು ಪುಸ್ತಕ, ವಿಮೆಯ ಕಂತು, ಭೂಮಿಯ ತೆರಿಗೆ, ವಾಹನದ ವಿಮೆ, ತಂಬಿಲ, ತಿಥಿ ಮತ್ತು ಹಬ್ಬ, ಮದುವೆಯ ಉಡುಗೊರೆ ಇವುಗಳಿಗಾಗಿ 60 ಸಾವಿರ ತೆಗೆದಿಟ್ಟರೆ 1 ಲಕ್ಷ 80 ಸಾವಿರ ಉಳಿಯುತ್ತದೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 15 ಸಾವಿರ. ನಿಮ್ಮ ಮನೆಯ ನಿಜವಾದ ಸಂಬಳ ಇದು.

ಈ 15 ಸಾವಿರವನ್ನು ನಿಜವಾಗಿಯೂ ಸಂಬಳದ ಹಾಗೆಯೇ ಬರುವಂತೆ ಮಾಡಿಕೊಳ್ಳಬೇಕು. ಅಡಿಕೆ ಮಾರಿದ ದುಡ್ಡು ಬೀಳುವ ಖಾತೆ ಒಂದಿರಲಿ, ಮನೆಖರ್ಚಿನ ಖಾತೆ ಬೇರೆ ಇರಲಿ. ಮೊದಲನೆಯದರಿಂದ ಎರಡನೆಯದಕ್ಕೆ ಪ್ರತಿ ತಿಂಗಳ ಒಂದನೆಯ ತಾರೀಕಿಗೆ ಹಣ ವರ್ಗವಾಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಟ್ಟರೆ ಸಾಕು. ಎಟಿಎಂ ಕಾರ್ಡು ಮತ್ತು ಫೋನಿನ ಯುಪಿಐ ಎರಡನ್ನೂ ಮನೆಖರ್ಚಿನ ಖಾತೆಗೆ ಮಾತ್ರ ಜೋಡಿಸಿ, ಅಡಿಕೆ ಖಾತೆಗೆ ಚೆಕ್ ಪುಸ್ತಕ ಮಾತ್ರ ಇಟ್ಟುಕೊಳ್ಳಿ. ಪೇಟೆಗೆ ಹೋಗಿ ಚೆಕ್ ಬರೆಯಬೇಕಾದ ತೊಂದರೆಯೇ ಅರ್ಧ ಖರ್ಚನ್ನು ತಡೆಯುತ್ತದೆ. ಐದಾರು ತಿಂಗಳ ಬಳಿಕ ಬೇಕಾಗುವ ಹಣವನ್ನು ಉಳಿತಾಯ ಖಾತೆಯಲ್ಲಿಯೇ ಬಿಡಬಾರದು. ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು, ಒಂಬತ್ತು ತಿಂಗಳಿಗೊಂದು ಎಂದು ಮೂರು ತುಂಡು ಮಾಡಿ ಠೇವಣಿ ಇಟ್ಟರೆ ಬಡ್ಡಿಯೂ ಸಿಗುತ್ತದೆ, ಆಟಿಯ ಖರ್ಚಿಗೆ ಸರಿಯಾಗಿ ಒಂದು ತುಂಡು ಬಿಡುಗಡೆಯೂ ಆಗುತ್ತದೆ.

ಠೇವಣಿಯ ವಿಚಾರ ಬಂದದ್ದರಿಂದ ಒಂದು ಮಾತು. ಬ್ಯಾಂಕ್ ಠೇವಣಿಗಳಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ನಿಕ್ಷೇಪ ವಿಮೆಯ ರಕ್ಷಣೆ ಇದೆ, ಇದು 2020ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಊರಿನ ಪ್ರಾಥಮಿಕ ಸಹಕಾರಿ ಸಂಘಗಳ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ. ಸಂಘದಲ್ಲಿ ಠೇವಣಿ ಇಡಬಾರದೆಂದು ಸಂಘದಲ್ಲಿಯೇ ದುಡಿದ ನಾನು ಹೇಳಲಾರೆ. ಇಡೀ ವರ್ಷದ ಅನ್ನದ ದುಡ್ಡನ್ನು ಒಂದೇ ಕಡೆ ಇಡಬಾರದೆಂದು ಮಾತ್ರ ಹೇಳುತ್ತೇನೆ.

ಇನ್ನು ಚಿನ್ನದ ಅಡವು. ತೋಟದ ಖರ್ಚಿಗೆ ಚಿನ್ನ ಇಡುವ ಬದಲು ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಿಸಿಕೊಂಡಿದ್ದೀರಾ ಎಂದು ನೋಡಿ. 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇಕಡಾ 7. ವಾಯಿದೆಯ ಒಳಗೆ ಕಟ್ಟಿದವರಿಗೆ ಶೇಕಡಾ 3ರಷ್ಟು ರಿಯಾಯಿತಿ ದೊರೆತು ಅದು ಶೇಕಡಾ 4 ಆಗುತ್ತದೆ. 2 ಲಕ್ಷ ರೂಪಾಯಿಗೆ ವರ್ಷದ ಬಡ್ಡಿ 8 ಸಾವಿರ. ವಾಯಿದೆ ತಪ್ಪಿದರೆ 14 ಸಾವಿರ ಮತ್ತು ಅದರ ಮೇಲಿನದ್ದು. ಹಾಗಾಗಿ ನಿಮ್ಮ ಅಡಿಕೆ ಮಾರಾಟದ ಮೊದಲ ಕಂತನ್ನು ಪೇಟೆಯ ದರ ತೀರ್ಮಾನಿಸಬಾರದು, ಪಾಸ್‌ಬುಕ್ಕಿನಲ್ಲಿರುವ ವಾಯಿದೆಯ ತಾರೀಕು ತೀರ್ಮಾನಿಸಬೇಕು.

ಉತ್ತರ: ಪೆರ್ಲದ ಕೃಷಿಕ

ಮೇಲಿನ ಅಣ್ಣನವರು ಬರೆದದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಅಡಿಕೆಯನ್ನು ದುಡ್ಡಾಗಿ ಮಾಡಿ ಬ್ಯಾಂಕಿನಲ್ಲಿಡುವುದೊಂದೇ ದಾರಿ ಎಂಬ ಧ್ವನಿ ಅದರಲ್ಲಿ ಕೇಳಿಸುತ್ತದೆ, ಅದನ್ನು ಒಪ್ಪುವುದು ಕಷ್ಟ. ನಮ್ಮಲ್ಲಿ ಅಟ್ಟದ ಮೇಲಿನ ಗೋಣಿಯೇ ಠೇವಣಿ. ಚಾಲಿ ಅಡಿಕೆ ಒಂದು ಮಳೆಗಾಲ ಕಳೆದರೆ ಹಳೆ ಅಡಿಕೆಯೆಂದು ಬೇರೆ ದರ ಪಡೆಯುತ್ತದೆ. ಹೊಸ ಅಡಿಕೆಗಿಂತ ಅದಕ್ಕೆ ಸಾಮಾನ್ಯವಾಗಿ ಹೆಚ್ಚೇ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದೆಂದರೆ, ಖಾತೆಯಲ್ಲಿರುವ ದುಡ್ಡು ಕೇಳಿದವರಿಗೆಲ್ಲ ಹೋಗುತ್ತದೆ, ಗೋಣಿಯಲ್ಲಿರುವ ಅಡಿಕೆ ಹೋಗುವುದಿಲ್ಲ. ಕೈಗಡ ಕೇಳಲು ಬಂದವರಿಗೆ ‘ಅಡಿಕೆ ಇನ್ನೂ ಕೊಡಲಿಲ್ಲ’ ಎಂದರೆ ಅವರಿಗೂ ಬೇಸರವಿಲ್ಲ, ನಮಗೂ ಸುಳ್ಳಿನ ಭಾರವಿಲ್ಲ.

ಇದಕ್ಕೆ ಒಂದು ಕ್ರಮ ಬೇಕು. ಸುಲಿದು ಗಾರ್ಬಲ್ ಮಾಡಿದ (ದರ್ಜೆಗಳಾಗಿ ಬೇರ್ಪಡಿಸಿದ) ಮೇಲೆ ಪಟೋರ, ಉಳ್ಳಿ, ಕರಿಗೋಟು ಮುಂತಾದ ಕೆಳದರ್ಜೆಯ ಅಡಿಕೆಯನ್ನು ಆಗಲೇ ಕೊಟ್ಟುಬಿಡಬೇಕು. ಅದು ಇಟ್ಟರೆ ಹುಳ ಹಿಡಿಯುವ ಸರಕು, ದರ ಏರುವುದನ್ನು ಕಾಯುವಷ್ಟು ಬೆಲೆಯೂ ಅದಕ್ಕಿಲ್ಲ. ಆ ದುಡ್ಡು ಕೊಯ್ಲಿನ ಮತ್ತು ಸುಲಿಯುವ ಸಂಬಳಕ್ಕೆ ಆಗುತ್ತದೆ. ಒಳ್ಳೆಯ ಅಡಿಕೆಯಲ್ಲಿ ಸಾಲದ ಪಾಲನ್ನು ವಾಯಿದೆಗೆ ಮೊದಲು, ಜೂನ್‌ನ ಖರ್ಚಿನ ಪಾಲನ್ನು ಮೇ ತಿಂಗಳಲ್ಲಿ ಕೊಡುವುದು. ಉಳಿದದ್ದನ್ನು ಮೂರು ತಿಂಗಳಿಗೊಮ್ಮೆ ಎರಡೆರಡು ಗೋಣಿಯಂತೆ ಕೊಡುತ್ತಾ ಹೋದರೆ ವರ್ಷದ ಎಲ್ಲ ದರಗಳ ಸರಾಸರಿಯೊಂದು ನಮಗೆ ಸಿಗುತ್ತದೆ. ಗರಿಷ್ಠ ದರಕ್ಕೇ ಕೊಟ್ಟೆನೆಂದು ಯಾರಾದರೂ ಜಾತ್ರೆಯಲ್ಲಿ ಸಿಕ್ಕಾಗ ಹೇಳಿದರೆ, ಎಷ್ಟು ಗೋಣಿ ಕೊಟ್ಟಿರಿ ಎಂದು ಕೇಳಬೇಕು. ಉತ್ತರ ಹೆಚ್ಚಾಗಿ ಒಂದೋ ಎರಡೋ ಇರುತ್ತದೆ.

ಇಡುವುದಾದರೆ ಸರಿಯಾಗಿ ಇಡಬೇಕು. ಅಂಗಳದಲ್ಲಿ 40ರಿಂದ 45 ದಿನ ಚೆನ್ನಾಗಿ ಬಿಸಿಲು ಕಂಡ ಅಡಿಕೆ ಮಾತ್ರ ಮಳೆಗಾಲ ತಡೆಯುತ್ತದೆ. ಗೋಣಿಯ ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಬೇಕು. ಮೂರನೆಯ ಕೊಯ್ಲಿನ ಅಡಿಕೆಗೆ ಬೇಸಿಗೆಯ ಮಳೆ ತಗುಲಿದ್ದರೆ ಅದನ್ನು ಹಳೆ ಮಾಡುವ ಆಸೆ ಬೇಡ.

ಕೊಕ್ಕೋ, ತೆಂಗು, ಮೆಣಸು ನಿಮ್ಮಲ್ಲಿವೆ ಎಂದು ಬರೆದಿದ್ದೀರಿ. ಇವು ಚಿಲ್ಲರೆ ಆದಾಯವೆಂದು ಕಡೆಗಣಿಸಬೇಡಿ ಅಕ್ಕಾ. ಕೊಕ್ಕೋ ಕಾಯಿ ಸೀಸನ್ನಿನಲ್ಲಿ ವಾರಕ್ಕೊಮ್ಮೆ ಒಡೆಯಲು ಸಿಗುತ್ತದೆ, ತೆಂಗು ಒಂದೂವರೆ ಎರಡು ತಿಂಗಳಿಗೊಮ್ಮೆ ಕೊಯ್ಲಿಗೆ ಬರುತ್ತದೆ. ತೋಟದ ದಿನದಿನದ ಸಣ್ಣ ಖರ್ಚನ್ನು ಅವುಗಳಿಂದಲೇ ನಡೆಸಿದರೆ ಅಡಿಕೆಗೆ ಕೈ ಹಾಕಬೇಕಾಗಿಲ್ಲ. ಆದರೆ ಅವುಗಳನ್ನು ನಂಬಿ ತಿಂಗಳ ಲೆಕ್ಕ ಹಾಕಬಾರದು. 2024ರಲ್ಲಿ ಹಸಿ ಕೊಕ್ಕೋದ ದರ ಯಾರೂ ನಿರೀಕ್ಷಿಸದಷ್ಟು ಏರಿದ್ದೂ ಆಮೇಲೆ ಇಳಿದದ್ದೂ ಎಲ್ಲರಿಗೂ ನೆನಪಿರಬೇಕು. ಕಾಳುಮೆಣಸನ್ನು ಒಣಗಿಸಿ ಡಬ್ಬದಲ್ಲಿಟ್ಟುಬಿಡಿ, ಅದು ವರ್ಷಗಟ್ಟಲೆ ಕೆಡುವುದಿಲ್ಲ. ಆಸ್ಪತ್ರೆಯಂಥ ಅಕಸ್ಮಾತ್ ಖರ್ಚಿಗೆ ಅದಕ್ಕಿಂತ ಒಳ್ಳೆಯ ಮೀಸಲು ನಮ್ಮ ತೋಟದಲ್ಲಿ ಇನ್ನೊಂದಿಲ್ಲ.

ಉತ್ತರ: ಕುಂಬಳೆಯ ನಿವೃತ್ತ ಸಹಕಾರಿ ನೌಕರ

ಪೆರ್ಲದವರು ಹೇಳಿದ ಕ್ರಮದ ಬಗ್ಗೆ ನನ್ನ ತಕರಾರಿಲ್ಲ, ಅವರು ಸಾಲದ ಪಾಲನ್ನು ಮೊದಲೇ ಬೇರೆ ಇಟ್ಟಿದ್ದಾರೆ. ಸಾಲ ಇಟ್ಟುಕೊಂಡು ಅಡಿಕೆಯನ್ನೂ ಇಟ್ಟುಕೊಳ್ಳುವವರಿಗಾಗಿ ಒಂದು ಲೆಕ್ಕ ಮಾತ್ರ ಸೇರಿಸುತ್ತೇನೆ. 2 ಲಕ್ಷದ ಬೆಳೆಸಾಲದ ವಾಯಿದೆ ತಪ್ಪಿದರೆ ಕೈಬಿಡುವ ರಿಯಾಯಿತಿ 6 ಸಾವಿರ ರೂಪಾಯಿ. ಐದು ಕ್ವಿಂಟಾಲ್ ಅಡಿಕೆಯನ್ನು ದರಕ್ಕಾಗಿ ಕಾದಿರಿಸಿದರೆ, ಕಿಲೋಗೆ 12 ರೂಪಾಯಿ ಏರಿದ ಮೇಲೆಯೇ ಆ ನಷ್ಟ ತುಂಬುತ್ತದೆ. ಲಾಭ ಅದರಿಂದ ಆಚೆಗೆ. ಇಟ್ಟ ಅಡಿಕೆಯ ತೂಕ ಇಳಿಯುವುದು ಬೇರೆ. ಅದರ ಜೊತೆಗೆ ಮನೆಖರ್ಚಿಗೆಂದು 1 ಲಕ್ಷಕ್ಕೆ ಚಿನ್ನ ಅಡವಿಟ್ಟು, ಅದಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ ಬಡ್ಡಿ ಎಂದಾದರೆ ಆರು ತಿಂಗಳಿಗೆ ಇನ್ನೂ 6 ಸಾವಿರ. ಈಗ ಕಿಲೋಗೆ 24 ರೂಪಾಯಿ ಏರಬೇಕು. ಏರಲೂಬಹುದು. ಆದರೆ ಇದನ್ನು ಉಳಿತಾಯವೆಂದು ಕರೆಯುವುದು ಸರಿಯಲ್ಲ, ಇದು ವ್ಯಾಪಾರ. ಮನೆಯ ಬಳೆಯನ್ನು ಅಡವಿಟ್ಟು ವ್ಯಾಪಾರ ಮಾಡಬೇಕೇ ಎಂಬುದನ್ನು ಬಳೆ ಹಾಕುವವರನ್ನು ಕೇಳಿ ತೀರ್ಮಾನಿಸಬೇಕು.

ಉತ್ತರ: ಪೈವಳಿಕೆಯಿಂದ ಒಬ್ಬರು

ಹಿರಿಯರಿಬ್ಬರೂ ದುಡ್ಡು ಬರುವ ದಾರಿಯ ಬಗ್ಗೆ ಬರೆದಿದ್ದಾರೆ. ನಮ್ಮದೂ ತೋಟದ ಮನೆಯೇ ಆದ್ದರಿಂದ ಖರ್ಚಾಗುವ ಕಡೆಯಿಂದ ನಾನು ಸ್ವಲ್ಪ ಬರೆಯುತ್ತೇನೆ.

ಮೊದಲನೆಯದಾಗಿ, ಮಂಗಳೂರು, ಬೆಂಗಳೂರು ಕಡೆಯವರು ವಿಡಿಯೊಗಳಲ್ಲಿ ಹೇಳುವ ಲೆಕ್ಕವನ್ನು ಕಾಸರಗೋಡಿನವರು ಹಾಗೆಯೇ ತೆಗೆದುಕೊಳ್ಳುವಂತಿಲ್ಲ. ಗಡಿಯಾಚೆ ವಿಟ್ಲದಲ್ಲಿರುವ ನನ್ನ ತಂಗಿಗೆ ಗೃಹಲಕ್ಷ್ಮಿಯ 2000 ರೂಪಾಯಿ ಇದೆ, ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಕರೆಂಟಿಗೆ ಗೃಹಜ್ಯೋತಿ ಇದೆ. ಮಾತು ಒಂದೇ, ಹಬ್ಬ ಒಂದೇ, ಅಡಿಕೆ ಕೊಡುವ ಪೇಟೆಯೂ ಕೆಲವೊಮ್ಮೆ ಒಂದೇ ಆದರೂ ಅವು ಯಾವುವೂ ನಮಗಿಲ್ಲ. ನಮಗಿರುವ ಅನುಕೂಲಗಳು ಬೇರೆ, ಅವುಗಳನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು. ಕೇರಳ ಸರಕಾರದ ಸಪ್ಲೈಕೋದ ಮಾವೇಲಿ ಸ್ಟೋರಿನಲ್ಲಿ ಹೆಸರು, ಉದ್ದು, ಕಡಲೆ, ತೊಗರಿಬೇಳೆ, ಒಣಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ ಮತ್ತು ಅಕ್ಕಿ ಸೇರಿ 13 ಬಗೆಯ ಸಾಮಾನು ಸಬ್ಸಿಡಿ ದರದಲ್ಲಿ ರೇಶನ್ ಕಾರ್ಡಿಗೆ ಸಿಗುತ್ತದೆ. ಎಲ್ಲ ಸಾಮಾನು ಎಲ್ಲ ದಿನ ಇರುವುದಿಲ್ಲವೆಂಬುದು ನಿಜ, ಸರಕು ಬಂದ ದಿನ ಹೋಗುವ ಹಾಗೆ ನೋಡಿಕೊಳ್ಳಬೇಕು. ಕಾರ್ಡಿನ ಬಣ್ಣ ಬಿಳಿಯಾದರೂ ಈ ಸಬ್ಸಿಡಿ ಸಿಗುತ್ತದೆ. ಬಿಳಿ ಕಾರ್ಡಿನವರಿಗೆ ಏನೂ ಇಲ್ಲವೆಂದು ಸ್ಟೋರಿನ ಕಡೆಗೇ ಹೋಗದವರನ್ನು ನೋಡಿ ಇದನ್ನು ಬರೆದೆ.

ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ತಿಂಗಳ ಲೆಕ್ಕದಲ್ಲಿ ಅದು ಒಂದು ತಿಂಗಳು ಕಾಣುವುದಿಲ್ಲ, ಮರುತಿಂಗಳು ಇಬ್ಬರಷ್ಟು ಊಟ ಮಾಡುತ್ತದೆ. ಅರ್ಧವನ್ನು ಬಿಲ್ಲಿಲ್ಲದ ತಿಂಗಳಲ್ಲಿಯೇ ತೆಗೆದಿಡುವುದು ಒಳ್ಳೆಯದು. ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ಗಮನಕ್ಕೆ ಬಂದಿಲ್ಲ. ಕೇರಳದಲ್ಲಿ ಮನೆಬಳಕೆಯ ಕರೆಂಟು ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500 ಯೂನಿಟ್ ದಾಟದಷ್ಟು ಕಾಲ ಹಂತಹಂತವಾದ ದರವಿದೆ. ಮೊದಲ ಯೂನಿಟ್‌ಗಳಿಗೆ ಕಡಿಮೆ, ಮೇಲಿನವುಗಳಿಗೆ ಹೆಚ್ಚು. ಅದನ್ನು ದಾಟಿದರೆ ಆ ಮೆಟ್ಟಿಲೇ ಇಲ್ಲ, ಮೊದಲ ಯೂನಿಟ್‌ನಿಂದಲೇ ಇಡೀ ಬಳಕೆಗೆ ಒಂದೇ ಮೇಲಿನ ದರ. ಹತ್ತಿಪ್ಪತ್ತು ಯೂನಿಟ್ ಹೆಚ್ಚಾದದ್ದಕ್ಕೆ ಬಿಲ್ಲು ಏಕೆ ಇಷ್ಟು ಜಿಗಿಯಿತು ಎಂದು ಬೇಸಿಗೆಯಲ್ಲಿ ಕೇಳುವವರ ಪ್ರಶ್ನೆಗೆ ಉತ್ತರ ಅಲ್ಲಿದೆ. ತೋಟದ ಪಂಪು ಮನೆಯ ಮೀಟರಿನಲ್ಲಿ ಓಡುತ್ತಿದ್ದರೆ ಅದನ್ನು ಕೃಷಿ ಕನೆಕ್ಷನ್ನಿಗೆ ಬದಲಾಯಿಸಿ, ಕೃಷಿ ಭವನದಲ್ಲಿ ವಿಚಾರಿಸಿ. ತೋಟದ ಖರ್ಚು ಮತ್ತು ಮನೆಯ ಖರ್ಚನ್ನು ಬೇರೆ ಮಾಡುವ ಕೆಲಸ ನಿಜವಾಗಿ ಮೀಟರಿನಿಂದಲೇ ಶುರುವಾಗಬೇಕು.

ಅಡುಗೆಮನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಮ್ಮ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಉಪ್ಪುನೀರಿನ ಮಾವಿನಕಾಯಿ, ಬೇಯಿಸಿ ಒಣಗಿಸಿದ ಹಲಸಿನ ಬೀಜ ಇವುಗಳನ್ನು ತುಂಬಿಟ್ಟದ್ದು ಹಿಂದಿನವರ ಆಟಿಯ ಬಜೆಟ್ಟೇ ಆಗಿತ್ತು. ಜೂನ್, ಜುಲೈಯಲ್ಲಿ ತರಕಾರಿಗೆ ಅಂಗಡಿಯಲ್ಲಿ ಕೊಡುವ ದುಡ್ಡನ್ನು ಒಮ್ಮೆ ಬರೆದು ನೋಡಿದರೆ ಭರಣಿಗಳ ಬೆಲೆ ತಿಳಿಯುತ್ತದೆ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಮತ್ತು ಒಣ ಸೋಗೆ ಇರುವ ಮನೆಯಲ್ಲಿ ಮೀಯುವ ನೀರಿಗೆ ಕರೆಂಟಿನ ಹೀಟರ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳು ಒಪ್ಪದಿದ್ದರೆ ಅದು ಬೇರೆ ಮಾತು.

ಉಡುಗೊರೆಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಬೇಕು. ನಮ್ಮಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳೆಲ್ಲ ಬೇಸಿಗೆಯಲ್ಲಿ, ಅಂದರೆ ಕೈಯಲ್ಲಿ ಅಡಿಕೆಯ ದುಡ್ಡು ಇರುವಾಗಲೇ ಬರುತ್ತವೆ. ಹಾಗಾಗಿ ಎಷ್ಟು ಕೊಡಬೇಕೆಂಬುದು ಸಂಬಂಧವನ್ನು ನೋಡಿ ತೀರ್ಮಾನವಾಗುವುದಿಲ್ಲ, ಆ ದಿನದ ಕಿಸೆಯನ್ನು ನೋಡಿ ತೀರ್ಮಾನವಾಗುತ್ತದೆ. ವರ್ಷದ ಆರಂಭದಲ್ಲಿಯೇ ಒಂದು ಮೊತ್ತ ಗೊತ್ತು ಮಾಡಿ, ಹತ್ತಿರದವರಿಗಿಷ್ಟು, ದೂರದವರಿಗಿಷ್ಟು ಎಂದು ಅತ್ತೆಯವರ ಜೊತೆಯಲ್ಲಿ ಕುಳಿತು ಬರೆದಿಡಿ. ಅತ್ತೆ ಇಲ್ಲದೆ ಬರೆದರೆ ಆ ಪಟ್ಟಿ ಮೊದಲ ಮದುವೆಗೇ ಮುರಿಯುತ್ತದೆ.

ಚಿಟ್ಟಿಯ ಬಗ್ಗೆ ಕೇಳಿದ್ದೀರಿ. ಕೆಎಸ್‌ಎಫ್‌ಇ ಎಂಬುದು 1969ರಿಂದ ಇರುವ ಕೇರಳ ಸರಕಾರದ ಸಂಸ್ಥೆ, ಭದ್ರತೆಯ ಬಗ್ಗೆ ಭಯವಿಲ್ಲ. ಆದರೆ ಚಿಟ್ಟಿ ಏನು ಎಂಬುದನ್ನು ತಿಳಿದು ಸೇರಬೇಕು. ತಿಂಗಳಿಗೆ 2500 ರೂಪಾಯಿಯಂತೆ 40 ಜನ, 40 ತಿಂಗಳು ಕಟ್ಟುವ 1 ಲಕ್ಷದ ಚಿಟ್ಟಿ ಎಂದುಕೊಳ್ಳಿ. ಒಬ್ಬರು 30 ಸಾವಿರ ಬಿಟ್ಟುಕೊಟ್ಟು 70 ಸಾವಿರಕ್ಕೆ ಹರಾಜಿನಲ್ಲಿ ಎತ್ತಿದರೆ, ಆ 30 ಸಾವಿರದಲ್ಲಿ, ಚಿಟ್ಟಿಯ 1 ಲಕ್ಷಕ್ಕೆ ನೂರಕ್ಕೆ ಐದರಂತೆ 5 ಸಾವಿರ ನಡೆಸುವವರ ಕಮಿಶನ್ ಹೋಗಿ, ಉಳಿದ 25 ಸಾವಿರ 40 ಜನರಿಗೆ ಹಂಚಿಕೆಯಾಗುತ್ತದೆ. ತಲೆಗೆ 625 ರೂಪಾಯಿ. ಆ ಕಂತಿಗೆ ನೀವು 1875 ಕಟ್ಟಿದರೆ ಸಾಕು. ತಡವಾಗಿ ಎತ್ತುವವರಿಗೆ ಇದು ಉಳಿತಾಯ, ಬೇಗ ಎತ್ತುವವರಿಗೆ ಸಾಲ. ಬೇಗ ಎತ್ತಿದವರು ಜಾಮೀನು ಕೊಡಬೇಕು, ಕಂತು ತಪ್ಪಿದರೆ ಬಡ್ಡಿ ಬೀಳುತ್ತದೆ. ಹೀಗಿರುವಾಗ ತಿಂಗಳ ಆದಾಯವಿಲ್ಲದ ನಿಮ್ಮ ಮನೆಗೆ, ಮೇಲಿನವರು ಹೇಳಿದ 15 ಸಾವಿರದ ಏರ್ಪಾಡು ಒಂದು ವರ್ಷ ನಡೆದ ಮೇಲೆಯೇ ಚಿಟ್ಟಿ ಹೊಂದುತ್ತದೆ. ಅದಕ್ಕೆ ಮೊದಲು ಸೇರಿದರೆ ಆಟಿಯಲ್ಲಿ ಕಂತು ಕಟ್ಟಲಿಕ್ಕಾಗಿಯೇ ಚಿನ್ನ ಇಡಬೇಕಾದೀತು. ಸದ್ಯಕ್ಕೆ ಕುಟುಂಬಶ್ರೀಯ ಅಯಲ್‌ಕೂಟದ (ನೆರೆಮನೆಯ ಹೆಂಗಸರ ಗುಂಪಿನ) ವಾರದ ಉಳಿತಾಯ ಸಾಕು. ಸಣ್ಣ ಮೊತ್ತವಾದರೂ ಬೇಕೆಂದಾಗ ಅಲ್ಲಿಂದಲೇ ಸಾಲ ಸಿಗುತ್ತದೆ, ಕಾರಣ ಹೇಳಲು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿಲ್ಲ.

ಬದಿಯಡ್ಕದ ಗೃಹಿಣಿ

ಮೂವರಿಗೂ ಧನ್ಯವಾದಗಳು. ತೋಟದ ಪಾಲನ್ನು ಮೊದಲು ತೆಗೆಯಬೇಕೆಂಬ ಲೆಕ್ಕವನ್ನು ನಮ್ಮ ಪುಸ್ತಕದ ಅಂಕಿಗಳಿಗೆ ಹಾಕಿ ನೋಡಿದೆ. ತಿಂಗಳಿಗೆ ಉಳಿಯುವುದು 15 ಸಾವಿರಕ್ಕಿಂತ ಸ್ವಲ್ಪ ಕಡಿಮೆಯೇ. ಪಂಪು ಮನೆಯ ಮೀಟರಿನಲ್ಲಿಯೇ ಓಡುತ್ತಿರುವುದೂ ತಿಳಿಯಿತು. ನಮ್ಮ ನೀರು ಗುಡ್ಡಕ್ಕೆ ಕೊರೆದ ಸುರಂಗದಿಂದ ಟ್ಯಾಂಕಿಗೆ ತಾನಾಗಿ ಬರುವುದರಿಂದ ಪಂಪಿನ ಖರ್ಚು ಇಲ್ಲವೆಂದೇ ಮನೆಯವರೆಲ್ಲ ಭಾವಿಸಿದ್ದರು, ಆದರೆ ಟ್ಯಾಂಕಿನಿಂದ ಮೇಲಿನ ತೋಟಕ್ಕೆ ಬೇಸಿಗೆಯಲ್ಲಿ ಪಂಪೇ ಬೇಕು.

ಎರಡು ವಿಷಯ ಉಳಿದಿವೆ. ಅಡಿಕೆ ಕೊಡುವುದು ಮಾವ, ದುಡ್ಡು ಬೀಳುವುದೂ ಅವರ ಖಾತೆಗೆ. ಲೆಕ್ಕ ನನ್ನ ಕೈಯಲ್ಲಿದ್ದರೂ ದುಡ್ಡು ಅವರ ಕೈಯಲ್ಲಿದೆ. ಅವರಿಗೆ ಬೇಸರವಾಗದ ಹಾಗೆ ಎರಡು ಖಾತೆಯ ಏರ್ಪಾಡನ್ನು ಹೇಗೆ ಮಾಡಬಹುದು? ಎರಡನೆಯದು ಆಸ್ಪತ್ರೆಯ ಖರ್ಚು. ಅತ್ತೆಯವರನ್ನು ಆಗಾಗ ಮಂಗಳೂರಿಗೆ ಕರೆದುಕೊಂಡು ಹೋಗಬೇಕಾಗುತ್ತದೆ, ಅದನ್ನು ಯಾವ ಪಾಲಿನಲ್ಲಿ ಹಿಡಿಯಬೇಕು?

ಉತ್ತರ: ಮುಳ್ಳೇರಿಯದ ಶಿಕ್ಷಕ

ಆಸ್ಪತ್ರೆಯ ಬಗ್ಗೆ ನಾನು ಹೇಳುತ್ತೇನೆ. ಆಗಾಗ ಹೋಗಬೇಕಾದ ತಪಾಸಣೆ ಮತ್ತು ಪ್ರತಿ ತಿಂಗಳ ಮಾತ್ರೆ ಅಕಸ್ಮಾತ್ ಖರ್ಚಲ್ಲ, ಅದು ಅಕ್ಕಿಯ ಹಾಗೆಯೇ ತಿಂಗಳ ಖರ್ಚು. ಆದ್ದರಿಂದ ಅದನ್ನು 15 ಸಾವಿರದ ಒಳಗೇ ಹಿಡಿಯಿರಿ. ಪ್ರಯಾಣದ ಖರ್ಚನ್ನೂ ಸೇರಿಸಿ, ಏಕೆಂದರೆ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ಇರುವಾಗ ಕಾರಿನ ಬಾಡಿಗೆ ಕೆಲವೊಮ್ಮೆ ಡಾಕ್ಟರರ ಫೀಸನ್ನು ಮೀರುತ್ತದೆ. ಜೆನೆರಿಕ್ ಮಾತ್ರೆ ಸಿಗುವ ಜನೌಷಧಿ ಅಂಗಡಿಯಲ್ಲಿ ಅದೇ ಔಷಧ ಕಡಿಮೆಗೆ ಸಿಗುತ್ತದೆಯೇ ಎಂದು ಚೀಟಿ ತೋರಿಸಿ ಕೇಳಿ. ಒಳರೋಗಿಯಾಗಿ ಸೇರಬೇಕಾದ ದೊಡ್ಡ ಚಿಕಿತ್ಸೆಗೆ ಮಾತ್ರ ವಿಮೆ ಮತ್ತು ಮೀಸಲು ಬೇಕು. ನಿಮ್ಮ ಮನೆ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ, ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ. ಗಡಿ ದಾಟಿ ಮಂಗಳೂರಿಗೆ ಹೋಗುವ ನಾವು ಆ ಕಾರ್ಡು ಅಲ್ಲಿ ನಡೆಯುತ್ತದೆಯೋ ಇಲ್ಲವೋ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೇಳಿಕೊಳ್ಳಬೇಕು. ಖಾಸಗಿ ವಿಮೆ ಮಾಡಿಸುವುದಾದರೂ ನೀವು ಹೋಗುವ ಆಸ್ಪತ್ರೆಯ ಹೆಸರು ಆ ಕಂಪೆನಿಯ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ, ಕಂತಿನ ಮೊತ್ತವನ್ನು ಆಮೇಲೆ ನೋಡಿ.

ಉತ್ತರ: ಕುಂಬಳೆಯ ನಿವೃತ್ತ ಸಹಕಾರಿ ನೌಕರ

ಮಾವನವರ ಖಾತೆಯನ್ನು ಮುಟ್ಟಬೇಡಿ. ಅಡಿಕೆ ಅವರೇ ಕೊಡಲಿ, ದುಡ್ಡು ಅವರ ಖಾತೆಗೇ ಬೀಳಲಿ, ಕಿಸಾನ್ ಕಾರ್ಡೂ ಅವರ ಹೆಸರಿನಲ್ಲಿಯೇ ಇರಬಹುದು. ನೀವು ಕೇಳಬೇಕಾದದ್ದು ಇಷ್ಟೇ: ಮನೆಖರ್ಚಿಗೆಂದು ಅತ್ತೆ ಮತ್ತು ನೀವು ಸೇರಿ ಒಂದು ಜಂಟಿ ಖಾತೆ ತೆರೆಯುತ್ತೇವೆ, ಪ್ರತಿ ತಿಂಗಳ ಒಂದನೆಯ ತಾರೀಕಿಗೆ ಅದಕ್ಕೆ ಇಷ್ಟು ಹಣ ಹೋಗುವಂತೆ ನೀವೇ ಬರೆದುಕೊಡಿ ಎಂದು. ಕೊಡುವ ಅಧಿಕಾರ ಅವರದ್ದಾಗಿಯೇ ಉಳಿಯುತ್ತದೆ, ಬೇಡವೆನಿಸಿದರೆ ಒಂದು ಚೀಟಿ ಬರೆದು ನಿಲ್ಲಿಸಲೂಬಹುದು. ಲೆಕ್ಕದ ಪುಸ್ತಕವನ್ನು ನಿಮಗೆ ಒಪ್ಪಿಸಿದವರು ಇದಕ್ಕೆ ಇಲ್ಲವೆನ್ನಲಾರರು. ಖಾತೆ ತೆರೆಯುವಾಗ ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂಬ ಕ್ರಮದಲ್ಲಿ ತೆರೆಯಿರಿ, ಹಾಗಾದರೆ ಪ್ರತಿ ಸಲ ಇಬ್ಬರ ಸಹಿ ಬೇಕಾಗುವುದಿಲ್ಲ. ಮಾವನವರ ಖಾತೆಗೆ ಮತ್ತು ಠೇವಣಿಗಳಿಗೆ ನಾಮಿನಿಯ ಹೆಸರು ಬರೆದಿದೆಯೇ ಎಂದು ಅದೇ ದಿನ ವಿಚಾರಿಸಿ. ಹಳೆಯ ಪಾಸ್‌ಬುಕ್ಕುಗಳಲ್ಲಿ ಆ ಜಾಗ ಖಾಲಿ ಇರುವುದೇ ಹೆಚ್ಚು.

ಕೇಳಲು ಒಳ್ಳೆಯ ಸಮಯ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಮದ್ದು ಬಿಡಬೇಕಾದ್ದರಿಂದ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಎಷ್ಟು ಬೇಕು, 40–45 ದಿನ ಕಳೆದು ಎರಡನೆಯ ಸಲಕ್ಕೆ ಎಷ್ಟು ಬೇಕು ಎಂದು ಅವರು ಹೇಗೂ ಆಗ ಕುಳಿತು ಬರೆಯುತ್ತಾರೆ. ತೋಟದ ಆ ಚೀಟಿಯ ಪಕ್ಕದಲ್ಲಿ ಮನೆಯ ಚೀಟಿಯನ್ನೂ ಇಡಿ. ತಿಂಗಳಿಗೆ ಉಳಿಯುವುದು 15 ಸಾವಿರಕ್ಕಿಂತ ಕಡಿಮೆ ಎಂದು ಬರೆದಿರಲ್ಲ, ಆ ವ್ಯತ್ಯಾಸವನ್ನು ತಿಂಗಳ ಖರ್ಚಿನಲ್ಲಿ ಇಳಿಸುವುದೋ, ವರ್ಷದ 60 ಸಾವಿರದ ಪಾಲಿನಲ್ಲಿ ಇಳಿಸುವುದೋ ಎಂಬುದನ್ನು ಅವರೇ ಹೇಳಲಿ.